ಯುದ್ಧನೌಕೆಯ ದೂರಮಾಪಕ: ಕನ್ನಡಿ ತುಂಡಿನಲ್ಲಿ ಮಾಡಿ ನೋಡಿ

ಚಿತ್ರದುರ್ಗದಲ್ಲಿ ನನ್ನದು ಫೋಟೋ ಫ್ರೇಮ್ ಅಂಗಡಿ. ಕೊಯ್ದು ಉಳಿದ ಕನ್ನಡಿ ತುಂಡಿಗೆ ಬರವಿಲ್ಲ. ಹಳೆಯ ಯುದ್ಧನೌಕೆಗಳಲ್ಲಿದ್ದ ದೂರಮಾಪಕದ ಮಾದರಿಗೆ ಅಂಥ ಎರಡು ತುಂಡು ಸಾಕು. ಫಿರಂಗಿಗೆ ದುರ್ಬೀನು ಕಟ್ಟಿದರೆ ಸಾಲದೇ ಅಂತ ಕೇಳಬಹುದು. ಗುರಿ ಕಾಣುತ್ತದೆ, ಸರಿ. ದೂರ ಗೊತ್ತಾಗದೆ ನಳಿಗೆ ಎಷ್ಟು ಎತ್ತುತ್ತೀರಿ? ಆ ಲೆಕ್ಕಕ್ಕೇ ಇದು. ಬಾರ್ ಮತ್ತು ಸ್ಟ್ರೌಡ್ ಎಂಬ ಇಬ್ಬರು ಪ್ರೊಫೆಸರ್‌ಗಳು ಮಾಡಿದ ಉಪಕರಣವನ್ನು ಬ್ರಿಟಿಷ್ ನೌಕಾಪಡೆ 1890ರ ದಶಕದಲ್ಲೇ ಬಳಸತೊಡಗಿತ್ತು.

ಒಂದು ಮೀಟರಿಗಿಂತ ತುಸು ಉದ್ದದ ಅಲ್ಯೂಮಿನಿಯಂ ಚೌಕ ಪೈಪ್ ತನ್ನಿ. ಮರದ ಪಟ್ಟಿ ಬೇಡ, ನಮ್ಮ ಬಿಸಿಲಿಗೆ ಸೊಟ್ಟಗಾಗುತ್ತದೆ. ಎಡತುದಿಯಲ್ಲಿ ಒಂದು ಕನ್ನಡಿಯನ್ನು 45 ಡಿಗ್ರಿ ಓರೆಯಾಗಿ, ನೆಟ್ಟಗೆ ನಿಲ್ಲಿಸಿ ಎಂ-ಸೀಲ್ ಹಾಕಿ. ಅದರ ಮೇಲಂಚಿನ ಮೇಲಿಂದ ನಿಮ್ಮ ಕಣ್ಣಿಗೆ ಗುರಿ ನೇರವಾಗಿ ಕಾಣಬೇಕು. ಒಂದು ಮೀಟರ್ ಆಚೆ, ಬಲತುದಿಯಲ್ಲಿ, ಇನ್ನೊಂದು ಕನ್ನಡಿ. ಅದೂ 45 ಡಿಗ್ರಿ, ಮೊದಲನೆಯದಕ್ಕೆ ಸಮಾಂತರವಾಗಿ, ಮುಖಾಮುಖಿ. ಆದರೆ ಬೋಲ್ಟಿನ ಮೇಲೆ ತಿರುಗುವಂತಿರಲಿ. ಬೋಲ್ಟ್ ಅಲ್ಲಾಡಿದರೆ ಕೆಲಸ ಕೆಟ್ಟಿತು, ವಾಷರ್ ಹಾಕಿ ಬಿಗಿ ಮಾಡಿ. ತಿರುಗುವ ಕನ್ನಡಿಗೆ ಒಂದಡಿಯ ಸ್ಟೀಲ್ ಸ್ಕೇಲನ್ನು ಮುಳ್ಳಿನ ಹಾಗೆ ಅಂಟಿಸಿ, ಅದರ ತುದಿಯ ಕೆಳಗೆ ಗ್ರಾಫ್ ಹಾಳೆ ಇಡಿ.

ಈಗ ಮೊದಲ ಗುರುತು. ಗುಡ್ಡದ ಮೇಲಿನ ಗಾಳಿಯಂತ್ರದ ಕಂಬ ನೋಡಿ, ಎಷ್ಟು ದೂರದ್ದಾದರೆ ಅಷ್ಟು ಒಳ್ಳೆಯದು. ಮೇಲರ್ಧ ನೇರವಾಗಿ ಕಾಣುತ್ತದೆ, ಕೆಳಗರ್ಧ ಎರಡೂ ಕನ್ನಡಿ ಹಾದು ಬರುತ್ತದೆ. ಕಂಬ ಮುರಿದಂತೆ ಕಾಣುತ್ತದೆ, ಅಲ್ವಾ? ಸ್ಕೇಲನ್ನು ನಿಧಾನಕ್ಕೆ ಸರಿಸಿ. ಎರಡು ತುಂಡೂ ಒಂದೇ ಗೆರೆಗೆ ಕೂತಾಗ ಸೊನ್ನೆ ಅಂತ ಬರೆಯಿರಿ. ನೆಟ್ಟಗಿನ ಗೆರೆಯೇ ಬೇಕು. ನೌಕೆಯವರು ಶತ್ರು ಹಡಗಿನ ಕೂವೆಮರ (ಎತ್ತರದ ಕಂಬ) ಹುಡುಕುತ್ತಿದ್ದದ್ದೂ ಇದಕ್ಕೇ. ಸಾದಾ ಕನ್ನಡಿಯಲ್ಲಿ ಪಕ್ಕದಲ್ಲೇ ಮಸುಕಾದ ಇನ್ನೊಂದು ಬಿಂಬ ಬೀಳುತ್ತದೆ, ಗಾಜಿನ ಮುಂಭಾಗದ್ದು ಅದು, ಬಿಟ್ಟುಬಿಡಿ. ಸೂರ್ಯನ ಕಡೆ ಮಾತ್ರ ತಿರುಗಿಸಬೇಡಿ.

ಆಮೇಲೆ ಮೈದಾನಕ್ಕೆ ಹೋಗಿ. ಗೋಲ್ ಕಂಬದಿಂದ ಟೇಪ್ ಹಿಡಿದು 25, 50, 100 ಮೀಟರ್ ಅಳೆದು, ಒಂದೊಂದು ಕಡೆಯೂ ನಿಂತು ಗುರುತು ಹಾಕಿ. ಲೆಕ್ಕದ ಪ್ರಕಾರ ಸೊನ್ನೆಯಿಂದ ಮುಳ್ಳು 6, 3, 1.5 ಮಿ.ಮೀ. ಸರಿಯುತ್ತದೆ. ಗಮನಿಸಿ: 200 ಮೀಟರಿಗೆ ಮುಕ್ಕಾಲು ಮಿ.ಮೀ. ಅಷ್ಟೇ! ದೂರ ಹೆಚ್ಚಿದಂತೆ ಗುರುತುಗಳು ಒಂದರ ಮೇಲೊಂದು ಬೀಳುತ್ತವೆ. ಪರಿಹಾರ ಎರಡೇ: ದುರ್ಬೀನು ಸೇರಿಸುವುದು, ಇಲ್ಲವೇ ಕನ್ನಡಿಗಳ ನಡುವಿನ ಅಂತರ ಹೆಚ್ಚಿಸುವುದು. ನೌಕೆಗಳವರು ಎರಡನ್ನೂ ಮಾಡಿದರು. ಬ್ರಿಟಿಷರ ಮೊದಲ ಡ್ರೆಡ್‌ನಾಟ್‌ಗಳಲ್ಲಿ (ದೊಡ್ಡ ಫಿರಂಗಿಗಳ ಯುದ್ಧನೌಕೆಗಳು) 9 ಅಡಿಯ ದೂರಮಾಪಕವಿತ್ತು, ಜಪಾನಿನ ಯಮಾಟೊ ಯುದ್ಧನೌಕೆಯಲ್ಲಿ ಸುಮಾರು 15 ಮೀಟರಿನದು. 1916ರಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ನಡೆದ ಜಟ್ಲೆಂಡ್ ಕದನದಲ್ಲಿ ಜರ್ಮನರ ಬಳಿ ಬೇರೆ ಬಗೆಯದಿತ್ತು. ಅದರಲ್ಲಿ ಎರಡೂ ಕಣ್ಣಿಟ್ಟು ಆಳ ಗ್ರಹಿಸಬೇಕು. ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಕೋಟೆಗೆ ಒಯ್ದರೆ ಉಯ್ಯಾಲೆ ಕಂಬ ಒಳ್ಳೆಯ ಗುರಿ. ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಬಂಡೆ ಕಾದು ಗಾಳಿ ನಡುಗುತ್ತದೆ, ಕಂಬ ಗೆರೆಗೆ ಕೂರುವುದೇ ಇಲ್ಲ. ಪೈಪನ್ನು ಆಟೋದಲ್ಲಿ ಒಯ್ದಿದ್ದರೆ ಅಳೆಯುವ ಮೊದಲು ಸೊನ್ನೆ ಮತ್ತೆ ನೋಡಿಕೊಳ್ಳಿ.