55024ರಿಂದ 55035ಕ್ಕೆ: 2.6 ಗಿಗಾಹರ್ಟ್ಸ್‌ನಲ್ಲಿ ಪರದೆ ಕಪ್ಪಾಗುವುದನ್ನು ಬೀರುವಿನೊಳಗೆ ಸರಿಪಡಿಸಿದ್ದು

ಪೀಣ್ಯದಲ್ಲಿ ತಯಾರಾಗಿ ಜರ್ಮನಿಗೆ ಹೋಗುವ ನಮ್ಮ ಮೀಡಿಯಾ ಪ್ಲೇಯರ್‌ನಲ್ಲಿ ಇರುವುದು ಇಷ್ಟೇ: ಎಚ್‌ಡಿಎಂಐ, ಈಥರ್ನೆಟ್, ಆಡಿಯೋ ಜಾಕ್, 12 ವೋಲ್ಟ್ ಅಡಾಪ್ಟರ್. ವೈಫೈ ಇಲ್ಲ. ಹೊರಗಿನ ವಿದ್ಯುತ್ಕಾಂತೀಯ ಅಡ್ಡಿಯನ್ನು ಸಾಧನ ತಾಳುತ್ತದೆಯೇ ಎಂದು ನೋಡುವ ಯುರೋಪಿನ ಮಾನದಂಡ ಇಎನ್ 55024ರ ಹಳೆಯ ವರದಿ ಕೈಯಲ್ಲಿತ್ತು. 2022ರ ಜುಲೈ 28ರ ನಂತರ ಅದು ನಡೆಯುವುದಿಲ್ಲ, ಇಎನ್ 55035 ಬೇಕು. ಮಾದರಿಗೆ ಒಮ್ಮೆ ಒಪ್ಪಿಗೆ ಸಿಕ್ಕಿದೆ ಎಂದು ಸುಮ್ಮನೆ ಕೂರುವ ಹಾಗಿಲ್ಲ, ಆ ದಿನದ ನಂತರ ಮಾರುಕಟ್ಟೆಗೆ ಇಳಿಯುವ ಒಂದೊಂದು ಪೀಸಿಗೂ ಹೊಸ ಲೆಕ್ಕ.

ಪೀಸಿನ ಮೇಲೆ ರೇಡಿಯೋ ಅಲೆ ಹಾಯಿಸಿ ನೋಡುವ ವಿಕಿರಣ ಪರೀಕ್ಷೆಯ ಮಟ್ಟ ಹಿಂದಿನದೇ, ಮೀಟರಿಗೆ 3 ವೋಲ್ಟ್, 80ರಿಂದ 1000 ಮೆಗಾಹರ್ಟ್ಸ್. ಅದರ ಮೇಲೆ 1.8, 2.6, 3.5 ಮತ್ತು 5 ಗಿಗಾಹರ್ಟ್ಸ್ ಎಂಬ ನಾಲ್ಕು ಬಿಡಿ ಆವರ್ತನಗಳು ಸೇರಿವೆ. ನಾವು ಸೋತದ್ದು ಅಲ್ಲೇ. 2.6ರಲ್ಲಿ ಪರದೆ ಒಂದೆರಡು ಸೆಕೆಂಡು ಕಪ್ಪಾಗಿ ಮತ್ತೆ ಬರುತ್ತಿತ್ತು. ತಪ್ಪು ಪ್ಲೇಯರಿನದೋ, ಜೊತೆಗಿಟ್ಟ ಅಗ್ಗದ ಮಾನಿಟರಿನದೋ ಎಂದು ತಿಳಿಯುವುದಕ್ಕೇ ಅರ್ಧ ದಿನ ಹೋಯಿತು. ಛೇಂಬರ್ (ಅಲೆ ಹೊರಗೆ ಸೋರದ ಪರೀಕ್ಷಾ ಕೋಣೆ) ಬಾಡಿಗೆ ಗಂಟೆಗೆ ಹತ್ತು ಸಾವಿರದ ಆಸುಪಾಸು. ಮೂರು ಸಲ ಹೋಗಿ ಬಂದಾಗ ಒಂದೂಕಾಲು ಲಕ್ಷ ಖಾಲಿ, ಕೈಯಲ್ಲಿ ಉತ್ತರವಿಲ್ಲ. ಬೋರ್ಡನ್ನೇ ಹೊಸದಾಗಿ ಮಾಡಿ ಎಂದರು ಎಲ್ಲರೂ. ನಾವೇ ಒಂದು ಬೀರುವಿನೊಳಗೆ ಪರೀಕ್ಷಿಸುತ್ತೇವೆ ಎಂದರೆ, ಆ ಅಳತೆಯನ್ನು ಯಾರು ನಂಬುತ್ತಾರೆ ಎಂದೂ ಅಂದರು.

ಬೀರು ಎಂದರೆ ನಿಜಕ್ಕೂ ಉಕ್ಕಿನ ಬೀರು, ಗುಜರಿಯಿಂದ ಮೂರು ಸಾವಿರಕ್ಕೆ ತಂದದ್ದು. ಬಾಗಿಲಿನ ಅಂಚಿಗೆಲ್ಲ ತಾಮ್ರದ ಟೇಪ್, ಒಳಗೆ ಅಲೆ ಹೀರುವ ಅಬ್ಸಾರ್ಬರ್ ಫೋಮ್ ಎರಡು ತುಂಡು. ತೆರೆದ ಜಾಗದಲ್ಲಿ ಈ ಕೆಲಸ ಬೇಡವೇ ಬೇಡ, 1.8 ಮತ್ತು 3.5 ಮೊಬೈಲ್ ಕಂಪನಿಗಳ ಬ್ಯಾಂಡುಗಳು. ಸೋರಿಕೆ ಎಷ್ಟಿದೆ ಎಂದು ಹೊರಗಿನಿಂದ ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ನೋಡಿಕೊಂಡೇ ಪವರ್ ಏರಿಸಬೇಕು. ಮಾನಿಟರ್ ಹೊರಗೇ ಇರಲಿ. ಎಚ್‌ಡಿಎಂಐ ಕೇಬಲ್ ಒಳಹೋಗುವಲ್ಲಿ ಒಂದು ಕಪ್ಲರ್ ಇಟ್ಟು, ಅದರ ಲೋಹದ ಕವಚವನ್ನು ಹಿತ್ತಾಳೆ ಪ್ಲೇಟಿಗೆ ಸುತ್ತಲೂ ಬೆಸುಗೆ ಹಾಕಿ, ಪ್ಲೇಟನ್ನು ಬೀರುವಿಗೆ ಬಿಗಿದೆವು. ವಿದ್ಯುತ್ತಿಗೆ ಒಳಗೇ 12 ವೋಲ್ಟ್ ಬ್ಯಾಟರಿ.

ಬೀರುವಿನೊಳಗೆ ಫೀಲ್ಡ್ (ಅಲೆಯ ಬಲ) ಎಷ್ಟಿದೆ ಎಂದು ಅಳೆಯುವ ಗೋಜಿಗೆ ನಾವು ಹೋಗಲಿಲ್ಲ. ಅಲೆಗಳು ಗೋಡೆಗೆ ಬಡಿದು ತಿರುಗುವಾಗ ಆ ಸಂಖ್ಯೆಗೆ ಅರ್ಥವಿಲ್ಲ. ಛೇಂಬರಿನಲ್ಲಿ ಸೋತ ಅದೇ ಪೀಸನ್ನೇ ಅಳತೆಗೋಲು ಮಾಡಿಕೊಂಡೆವು. ಆಂಟೆನಾದಿಂದ ಒಂದಡಿ ದೂರದಲ್ಲಿಟ್ಟು, 2.6ರಲ್ಲಿ 1 ಕಿಲೋಹರ್ಟ್ಸ್, ಶೇ. 80 ಎಎಂ (ಅಲೆಯ ಎತ್ತರವನ್ನು ಏರಿಳಿಸುವ ಮಾಡ್ಯುಲೇಶನ್) ಹಾಕಿ, ಪರದೆ ಕಪ್ಪಾಗಿ ಬೀಳುವ ತನಕ ಪವರ್ ಏರಿಸುವುದು. ಮೂರು ಸೆಂಟಿಮೀಟರ್ ಸರಿಸಿ ಮತ್ತೆ ಅದೇ. ಹೀಗೆ ಆರು ಜಾಗ, ಅದರಲ್ಲಿ ಅತಿ ಕೆಟ್ಟದ್ದನ್ನೇ ಹಿಡಿಯಬೇಕು. ಆ ಪೀಸು ಬಿದ್ದದ್ದು ಸುಮಾರು 14 ಡಿಬಿಎಂನಲ್ಲಿ (ಡಿಬಿಎಂ ಎಂದರೆ ಪವರಿನ ಅಳತೆ). ತಿದ್ದಿದ ಪೀಸು ಇದಕ್ಕಿಂತ ಕನಿಷ್ಠ 10 ಡಿಬಿ ಹೆಚ್ಚು ತಾಳಿದರೆ ಮಾತ್ರ ಛೇಂಬರಿಗೆ ಹೋಗುವುದು ಎಂದು ನಿಯಮ ಮಾಡಿಕೊಂಡೆವು. ಎಎಂ ಮರೆತರೆ ಎಲ್ಲ ಪೀಸೂ ಒಳ್ಳೆಯದಾಗಿಯೇ ಕಾಣುತ್ತದೆ, ಮಾಡ್ಯುಲೇಶನ್ನಿನ ತುದಿ ಮೂಲ ಅಲೆಯಾದ ಕ್ಯಾರಿಯರಿಗಿಂತ 5 ಡಿಬಿ ಮೇಲಿರುತ್ತದೆ. ಅದೇ ಕಾರಣಕ್ಕೆ 1 ವ್ಯಾಟ್ ಆಂಪ್ಲಿಫೈಯರನ್ನು 25 ಡಿಬಿಎಂ ದಾಟಿಸಬಾರದು, ತುದಿ ಕತ್ತರಿಸಿಹೋಗುತ್ತದೆ. ಬಾಡಿಗೆಯ ಜನರೇಟರ್ ಸೇರಿ ಒಟ್ಟು ಖರ್ಚು ನಲವತ್ತೈದು ಸಾವಿರದೊಳಗೆ.

ದೋಷ ಬೋರ್ಡಿನಲ್ಲಿರಲಿಲ್ಲ, ಡಬ್ಬಿಯಲ್ಲಿತ್ತು. ಮುಚ್ಚಳದ ಸ್ಕ್ರೂಗಳ ನಡುವೆ 60 ಮಿಲಿಮೀಟರ್ ಅಂತರ. 2.6 ಗಿಗಾಹರ್ಟ್ಸ್‌ನ ಅರ್ಧ ತರಂಗಾಂತರ 58 ಮಿಲಿಮೀಟರ್! ಆ ಸಂದೇ ಆಂಟೆನಾ ಆಗಿ, ಒಳಗೆ ಎಚ್‌ಡಿಎಂಐ ಚಿಪ್ಪಿನ ಪಕ್ಕದಲ್ಲೇ ಫೀಲ್ಡ್ ಸುರಿಯುತ್ತಿತ್ತು. 5 ಗಿಗಾಹರ್ಟ್ಸ್‌ಗೆ ಅರ್ಧ ತರಂಗಾಂತರ 30 ಮಿಲಿಮೀಟರ್, ಹಾಗಾಗಿ ಅಂತರವನ್ನು 20ಕ್ಕೆ ಇಳಿಸಿದೆವು. ಎಲ್ಲ ಕಡೆ ಸ್ಕ್ರೂ ಹಾಕಲಾಗದು, ಹಿಂದಿನ ಅಂಚಿಗೆ ಸ್ಪ್ರಿಂಗ್ ಫಿಂಗರ್ ಪಟ್ಟಿ (ಒತ್ತಿ ಮುಟ್ಟುವ ಲೋಹದ ಬೆರಳುಗಳ ಸಾಲು) ಹಾಕಿದೆವು. ಎಚ್‌ಡಿಎಂಐ ಕನೆಕ್ಟರಿನ ಕವಚ ಡಬ್ಬಿಯನ್ನು ಸುತ್ತಲೂ ಮುಟ್ಟಬೇಕು, ಒಂದು ವೈರ್ ಎಳೆದು ಅರ್ತ್ ಮಾಡಿದರೆ ಈ ಆವರ್ತನಕ್ಕೆ ಅದು ಇಲ್ಲದ ಹಾಗೇ. ಕವಚದ ಸುತ್ತ ಸಂದು ಮುಚ್ಚಲು ಹಾಕಿದ ಗ್ಯಾಸ್ಕೆಟ್ ಯಾವುದು, ಹೇಗೆ ಕತ್ತರಿಸಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಪಟ್ಟ ಪಾಡು ಬಹಳ.

ತಿದ್ದಿದ ಪೀಸು 25 ಡಿಬಿಎಂ ತನಕ ಅಲ್ಲಾಡಲಿಲ್ಲ. ಆದರೆ ಆಡಿಯೋ ಜಾಕ್‌ನಲ್ಲಿ 1 ಕಿಲೋಹರ್ಟ್ಸ್ ಗುಂಯ್‌ಗುಡುವುದು ಉಳಿದಿತ್ತು. ಹೆಡ್‌ಫೋನ್ ಆಂಪ್ ಎಎಂ ಅನ್ನು ರೇಡಿಯೋದಂತೆ ಬಿಡಿಸಿ ಕೇಳಿಸುತ್ತಿತ್ತು. ಮೊದಲು 1 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ ಸೋತೆವು. ಇಷ್ಟು ಎತ್ತರದ ಆವರ್ತನದಲ್ಲಿ ಅದು ಕೆಪಾಸಿಟರ್ ಅಲ್ಲ, ಇಂಡಕ್ಟರ್. 0402 ಎಂಬ ಪುಟ್ಟ ಗಾತ್ರದ 100 ಪಿಕೋಫ್ಯಾರಡ್ ಕೂಡ 700 ಮೆಗಾಹರ್ಟ್ಸ್ ಹತ್ತಿರ ಕೈಬಿಡುತ್ತದೆ. ಜಾಕ್ ಕಡೆಗೆ 8.2 ಪಿಕೋಫ್ಯಾರಡ್, ನಡುವೆ ರೇಡಿಯೋ ಆವರ್ತನ ತಡೆಯುವ ಫೆರೈಟ್ ಬೀಡ್, ಆಂಪ್ ಕಡೆಗೆ 100 ಪಿಕೋಫ್ಯಾರಡ್ ಇಟ್ಟಾಗ ನಿಂತಿತು. ಎರಡು ಕೆಪಾಸಿಟರನ್ನೂ ಒಂದೇ ಕಡೆ ಇಟ್ಟರೆ ಪರಸ್ಪರ ಅನುರಣಿಸಿ ನಡುವಿನ ಒಂದು ಆವರ್ತನದಲ್ಲಿ ಮತ್ತೆ ಹಾಳು.

ಮಧ್ಯೆ ಒಂದು ಆಸೆ ಹುಟ್ಟಿತು. ಕೇಬಲ್ ಮೂಲಕ ನುಗ್ಗಿಸುವ ಪರೀಕ್ಷೆ 55035ರಲ್ಲಿ ಹಗುರ: 10 ಮೆಗಾಹರ್ಟ್ಸ್ ತನಕ 3 ವೋಲ್ಟ್, 30ಕ್ಕೆ ಬರುವಾಗ 1 ವೋಲ್ಟಿಗೆ ಇಳಿದು 80ರ ತನಕ ಅಷ್ಟೇ. ಹಾಗಿದ್ದರೆ ಅಡಾಪ್ಟರ್ ವೈರಿನ ಫೆರೈಟ್ ತೆಗೆದು ಪೀಸಿಗೆ ಹದಿನೆಂಟು ರೂಪಾಯಿ ಉಳಿಸಬಹುದಲ್ಲ! ತೆಗೆದೆವು. ಇಮ್ಯೂನಿಟಿ (ಅಡ್ಡಿ ತಾಳುವ ಪರೀಕ್ಷೆ) ಪಾಸಾಯಿತು, ಸಾಧನ ತಾನೇ ಹೊರಬಿಡುವ ಅಲೆಗೆ ಮಿತಿ ಹಾಕುವ 55032ರ ಹೊರಸೂಸುವಿಕೆ ನಲವತ್ತು ಚಿಲ್ಲರೆ ಮೆಗಾಹರ್ಟ್ಸ್‌ನಲ್ಲಿ ಫೇಲಾಯಿತು. ಫೆರೈಟ್ ವಾಪಸ್ ಬಂತು.

ಛೇಂಬರಿನಲ್ಲಿ ದುಡ್ಡು ಉಳಿಯುವುದು ಕ್ರಮದಿಂದ. ಶೇ. 1ರ ಹೆಜ್ಜೆಯಲ್ಲಿ 80ರಿಂದ 1000ಕ್ಕೆ ಸುಮಾರು 254 ಹೆಜ್ಜೆ. ಪೀಸಿನ ನಾಲ್ಕು ಮುಖ, ಎರಡು ಧ್ರುವೀಕರಣ (ಆಂಟೆನಾ ಅಡ್ಡ ಮತ್ತು ನೇರ) ಸೇರಿ ಎರಡು ಸಾವಿರ ದಾಟುತ್ತದೆ. ಹೆಜ್ಜೆಗೆ 3 ಸೆಕೆಂಡೆಂದರೂ ಒಂದೂಮುಕ್ಕಾಲು ಗಂಟೆ. ಬಿಡಿ ಆವರ್ತನಗಳಾದರೆ ಒಟ್ಟು 32 ನಿಲುಗಡೆ. ಅವನ್ನೇ ಮೊದಲು ಮಾಡಿ ಎಂದು ಕೇಳಿ. ಪ್ರತಿ ಆವರ್ತನದಲ್ಲಿ ನಿಲ್ಲುವ ಸಮಯವನ್ನು ಮಾತ್ರ ಕಡಿಮೆ ಮಾಡಬೇಡಿ. ನಮ್ಮ ಪೀಸು ಸಿಕ್ಕಿಕೊಂಡದ್ದು ವಾಚ್‌ಡಾಗ್‌ಗೆ (ಸಾಧನ ಸಿಕ್ಕಿಕೊಂಡಿತೇ ಎಂದು ಕಾಯುವ ಟೈಮರ್) ಗೊತ್ತಾಗಲು 2 ಸೆಕೆಂಡು ಬೇಕು, 1 ಸೆಕೆಂಡ್ ನಿಂತಾಗ ಆ ತಪ್ಪು ಮುಂದಿನ ಆವರ್ತನದ ಲೆಕ್ಕಕ್ಕೆ ಬಿತ್ತು. 55035 ಪ್ರತಿ ಕಾರ್ಯವನ್ನೂ ಬೇರೆಬೇರೆ ನೋಡುತ್ತದೆ. ನೆಟ್‌ವರ್ಕಿಗೆ ಬರೀ ಪಿಂಗ್ ಹಾಕಿದರೆ ಏನೂ ಕಾಣದು, ಡೇಟಾ ತುಂಬಿ ಹರಿಯುತ್ತಿರುವಾಗ ಎಣಿಸಿ.

ನಾಲ್ಕನೇ ಸಲ ಎಲ್ಲ ಮುಖಗಳೂ ಒಂದೇ ದಿನದಲ್ಲಿ ಪಾಸ್, ಬೋರ್ಡಿನ ತಾಮ್ರದ ಒಂದು ಗೆರೆಯೂ ಬದಲಾಗದೆ. ವೈಫೈ ಇರುವವರಿಗೆ ಈ ನಾಲ್ಕು ಬಿಂದು ಸಾಲದು, ರೇಡಿಯೋ ಇರುವ ಸಾಧನಗಳ ಮಾನದಂಡ 301 489ರಲ್ಲಿ 6 ಗಿಗಾಹರ್ಟ್ಸ್ ತನಕ ಎಡೆಬಿಡದೆ ಪೂರ್ತಿ ಪರೀಕ್ಷಿಸುತ್ತಾರೆ. ಆದರೂ ಬೀರುವಿನ ಹೋಲಿಕೆ ಅಲ್ಲಿಗೂ ಒದಗುತ್ತದೆ.

ಈಗ ಕಾಡುವುದು ಪೌಡರ್ ಕೋಟಿಂಗ್. ಸ್ಕ್ರೂ ಕೂರುವ ಜಾಗಕ್ಕೂ ಫಿಂಗರ್ ಮುಟ್ಟುವ ಅಂಚಿಗೂ ಮಾಸ್ಕಿಂಗ್ ಮಾಡದೆ ಬಣ್ಣ ಹೊಡೆದರೆ ಸ್ಕ್ರೂ ಎಷ್ಟಿದ್ದರೂ ಸಂದು ಸಂದೇ. ಮಲ್ಟಿಮೀಟರ್ ಬೀಪ್ ನಂಬಬೇಡಿ, ಒಂದೇ ಒಂದು ಸ್ಕ್ರೂ ಮುಟ್ಟಿದ್ದರೂ ಅದು ಕೂಗುತ್ತದೆ. ಪ್ರತಿ ಲಾಟಿನಿಂದ ಐದು ಡಬ್ಬಿ ತೆಗೆದು, ಅಂಚಿನುದ್ದಕ್ಕೂ ಕಾಗದದ ಪಟ್ಟಿ ಸಿಕ್ಕಿಸಿ, ಮುಚ್ಚಳ ಬಿಗಿದು ಎಳೆದು ನೋಡುತ್ತೇವೆ. ಪಟ್ಟಿ ಎಲ್ಲಿ ಸಲೀಸಾಗಿ ಜಾರಿ ಬರುತ್ತದೋ ಅಲ್ಲಿ ಫಿಂಗರ್ ಮುಟ್ಟಿಲ್ಲ, ಆ ಲಾಟು ವಾಪಸ್.