ಐಸ್ ಹಾಕಿ ಕಿಟ್: ಐಸ್ ಇಲ್ಲದ ತುಮಕೂರಿನಿಂದ ಹೊರಡುವವರಿಗೆ

ನಮ್ಮ ಕಡೆಯ ಐಸ್ ಹಾಕಿ ಆಟಗಾರರ ವರ್ಷ ಹೀಗಿರುತ್ತದೆ: ಹತ್ತು ತಿಂಗಳು ತುಮಕೂರಿನ ಸಿಮೆಂಟ್ ನೆಲದ ಮೇಲೆ ಒಂದೇ ಸಾಲಿನ ಚಕ್ರಗಳ ಇನ್‌ಲೈನ್ ಸ್ಕೇಟ್, ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಲೇಹ್‌ನಲ್ಲಿ ಕೆಲವೇ ವಾರ ನಿಜವಾದ ಐಸ್. ಕೆನಡಾದಲ್ಲಿ ಆಡುವವರಿಗೆ ರಿಂಕ್ ಎಂಬ ಐಸ್ ಅಂಗಳದ ಹತ್ತಿರವೇ ಸ್ಕೇಟಿನ ಬ್ಲೇಡ್ ಹರಿತ ಮಾಡಿಕೊಡುವ ಅಂಗಡಿ ಇರುತ್ತದೆ. ನಮಗೆ ಇಲ್ಲಿಂದ ಕಟ್ಟಿಕೊಂಡು ಹೋದದ್ದೇ ಗತಿ. ಹಾಗಾಗಿ ಅಲ್ಲಿಯವರ ಸಲಹೆಯನ್ನು ಹಾಗೇ ಪಾಲಿಸಿದರೆ ನಮಗೆ ಸರಿಹೋಗುವುದಿಲ್ಲ. ಇಷ್ಟು ವರ್ಷ ಕೊಂಡು, ಬಳಸಿ, ರಿಪೇರಿ ಮಾಡಿದ ಮೇಲೆ ನನ್ನ ಲೆಕ್ಕ ಇಷ್ಟು: ಮೊದಲ ದುಡ್ಡು ಕಾಲಿಗೆ, ಎರಡನೆಯದು ತಲೆಗೆ ಮತ್ತು ಕುತ್ತಿಗೆಗೆ, ಉಳಿದದ್ದು ಸ್ಟಿಕ್ಕಿಗೆ. ಹೊಸಬರು ಬಹಳ ಮಂದಿ ಮೊದಲು ಕೊಳ್ಳುವುದೇ ದುಬಾರಿ ಕಾರ್ಬನ್ ಸ್ಟಿಕ್.

ಸ್ಕೇಟ್ ನಂಬರಿನಲ್ಲೇ ಮೊದಲ ತಪ್ಪು ಆಗುತ್ತದೆ. ನಮ್ಮ ಅಂಗಡಿಗಳಲ್ಲಿ ಶೂ ನಂಬರ್ ಬ್ರಿಟಿಷ್ ಅಳತೆಯದು. ಗಂಡಸರ ಶೂಗೆ ಅಮೆರಿಕದ ನಂಬರ್ ಅದಕ್ಕಿಂತ ಒಂದು ಹೆಚ್ಚು. ಹಾಕಿ ಸ್ಕೇಟ್ ಆ ಅಮೆರಿಕದ ನಂಬರಿಗಿಂತ ಒಂದರಿಂದ ಒಂದೂವರೆ ಕಡಿಮೆ ಬರುತ್ತದೆ. ಅಂದರೆ ಇಲ್ಲಿ 8 ನಂಬರ್ ಶೂ ಹಾಕುವವರಿಗೆ ಸ್ಕೇಟ್ ಏಳೂವರೆ, ಇಲ್ಲವೇ 8. ಶೂ ಚಾರ್ಟ್ ನೋಡಿ 9 ತರಿಸಿಕೊಂಡರೆ ಹಿಮ್ಮಡಿ ಬೂಟಿನೊಳಗೆ ಏಳುತ್ತಲೇ ಇರುತ್ತದೆ, ಲೇಸ್ ಎಷ್ಟು ಬಿಗಿದರೂ ನಿಲ್ಲುವುದಿಲ್ಲ.

ಸರಿಯಾದ ಬೂಟಿನಲ್ಲಿ ಲೇಸ್ ಕಟ್ಟಿ ನೆಟ್ಟಗೆ ನಿಂತಾಗ ಕಾಲ್ಬೆರಳ ತುದಿ ಮುಂದಿನ ಗಟ್ಟಿ ಭಾಗಕ್ಕೆ ಸುಮ್ಮನೆ ಸೋಕಬೇಕು. ಮಂಡಿ ಬಗ್ಗಿಸಿದರೆ ಸೋಕುವುದು ನಿಲ್ಲಬೇಕು. ಲೇಸ್ ಬಿಚ್ಚಿ, ಕಾಲನ್ನು ಪೂರ್ತಿ ಮುಂದಕ್ಕೆ ತಳ್ಳಿ, ಹಿಮ್ಮಡಿಯ ಹಿಂದೆ ಬೆರಳು ಹಾಕಿ ನೋಡಿ. ಒಂದು ಬೆರಳು ಕಷ್ಟದಿಂದ ಇಳಿದರೆ ಸರಿ, ಎರಡು ಇಳಿದರೆ ಬೂಟ್ ದೊಡ್ಡದು. ಆಳಕ್ಕೆ ಪೆನ್ಸಿಲ್ ಪರೀಕ್ಷೆ: ನಾಲಗೆಯನ್ನು ಮುಂದಕ್ಕೆ ಎಳೆದು, ಮೇಲಿನಿಂದ ಮೂರನೆಯ ಜೋಡಿ ಲೇಸ್ ತೂತಿನ ಮೇಲೆ ಪೆನ್ಸಿಲ್ ಅಡ್ಡ ಇಡಿ. ಎರಡೂ ಬದಿ ಬೂಟಿನ ಮೇಲೆ ಕೂತರೆ ಆಳ ಸಾಕು. ಪಾದಕ್ಕೆ ತಾಗಿ ಮೇಲೆದ್ದರೆ ಆ ಬೂಟ್ ಬೇಡ. ಅರ್ಧ ಗಂಟೆಯಲ್ಲಿ ಲೇಸ್ ಪಾದದ ಮೇಲ್ಭಾಗವನ್ನು ಒತ್ತಿ ನೋವು ಶುರುವಾಗುತ್ತದೆ. ಚಪ್ಪಲಿಯಲ್ಲೇ ಬೆಳೆದ ಪಾದ ಸಾಮಾನ್ಯವಾಗಿ ಬೆರಳ ಕಡೆ ಅಗಲ. ಅದಕ್ಕೆ ಪರಿಹಾರ ದೊಡ್ಡ ನಂಬರ್ ಅಲ್ಲ, ಅದೇ ನಂಬರಿನ ಅಗಲದ ಬೂಟ್: ಅಗಲದ ಗುರುತು ಡಿ ಬದಲು ಇಇ, ಬೌರ್ ಕಂಪನಿಯ ಹೊಸ ಲೆಕ್ಕದಲ್ಲಾದರೆ ಫಿಟ್ 3.

ಬಿಸಿ ಮಾಡಿ ಪಾದಕ್ಕೆ ಕೂರಿಸುವ ಕೆಲಸ ಅಂಗಡಿಯಲ್ಲೇ ಆಗಲಿ. ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವೇ ನಿಮಿಷ; ಎಷ್ಟು ಎಂಬುದನ್ನು ಆಯಾ ಮಾಡೆಲಿನ ಸೂಚನೆಯೇ ಹೇಳಬೇಕು. ಬೂಟ್ ಬಿಸಿ ಇರುವಾಗ ಲೇಸನ್ನು ಪಕ್ಕಕ್ಕೆ ಜಗ್ಗಿದರೆ ತೂತಿನ ರಿಂಗ್ ಕಿತ್ತು ಬರುತ್ತದೆ, ಮೇಲಕ್ಕೆ ಎಳೆಯಿರಿ. ಕಟ್ಟಿಕೊಂಡು ಹದಿನೈದು ನಿಮಿಷ ಕೂತೇ ಇರಬೇಕು, ನಡೆಯಬಾರದು. ಒಂದು ದಿನ ಪೂರ್ತಿ ಆರಿದ ಮೇಲೆ ಆಡಬಹುದು.

ಲೇಹ್‌ನ ಚಳಿಗೆ ಹೆದರಿ ಎರಡು ಜೊತೆ ಉಣ್ಣೆ ಸಾಕ್ಸ್ ಹಾಕುವವರು ಬಹಳ. ಬಿಗಿಯಾದ ಬೂಟಿನಲ್ಲಿ ಎರಡು ಸಾಕ್ಸ್ ರಕ್ತ ಓಡುವುದನ್ನೇ ತಡೆಯುತ್ತದೆ, ಬೆರಳು ಇನ್ನೂ ಬೇಗ ಮರಗಟ್ಟುತ್ತದೆ. ತೆಳುವಾದ ಒಂದೇ ಜೊತೆ ಸಾಕು, ಆದರೆ ಒಣಗಿದ್ದಿರಬೇಕು. ರಿಂಕ್‌ಗೆ ಬರುವಾಗ ಹಾಕಿದ್ದ ಸಾಕ್ಸ್ ತೆಗೆದು ಬೇರೆ ಹಾಕಿಕೊಳ್ಳಿ.

ಈಗ ಬ್ಲೇಡಿನ ವಿಷಯ. ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲೇ. ಹಾಕಿ ಬ್ಲೇಡ್ ಚಾಕುವಿನ ಹಾಗೆ ಒಂದು ಅಂಚಿನದಲ್ಲ. ಸುಮಾರು 2.9 ಮಿ.ಮೀ. ದಪ್ಪದ ಉಕ್ಕಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ, ಅದರ ಎಡಬಲಕ್ಕೆ ಎರಡು ಅಂಚು. ಆ ಕಾಲುವೆಗೆ ಹಾಲೋ ಎನ್ನುತ್ತಾರೆ, ಅಳೆಯುವುದು ವೃತ್ತದ ತ್ರಿಜ್ಯದಲ್ಲಿ. 1/2 ಇಂಚಿನ ಹಾಲೋ ಎಂದರೆ 12.7 ಮಿ.ಮೀ. ತ್ರಿಜ್ಯದ ವೃತ್ತದ ಒಂದು ಚೂರು. ಲೆಕ್ಕ ಹಾಕಿದರೆ ಅದರ ಆಳ ಬರುವುದು 0.08 ಮಿ.ಮೀ. ಮಾತ್ರ, ತಲೆಗೂದಲಿನ ದಪ್ಪ. 3/8 ಇಂಚಿನದಾದರೆ 0.11, 5/8 ಇಂಚಿನದಾದರೆ 0.07 ಹತ್ತಿರ. ಆಟದ ಹಿಡಿತ ಪೂರ್ತಿ ಈ ವ್ಯತ್ಯಾಸದಲ್ಲಿದೆ. ತ್ರಿಜ್ಯ ಚಿಕ್ಕದಾದಷ್ಟೂ ಕಾಲುವೆ ಆಳ, ಅಂಚು ಐಸನ್ನು ಹೆಚ್ಚು ಕಚ್ಚುತ್ತದೆ, ಜಾರುವ ವೇಗ ಕಡಿಮೆ, ನಿಲ್ಲಿಸುವಾಗ ತೊಡೆಗೆ ಶ್ರಮ. ದೊಡ್ಡದಾದರೆ ಸಲೀಸಾಗಿ ಜಾರುತ್ತದೆ, ತಿರುವಿನಲ್ಲಿ ಹಿಡಿತ ಕಡಿಮೆ.

ಇದು ಗೊತ್ತಿದ್ದರೆ ಸಾಣೆ ಹಿಡಿಯುವವರ ಹತ್ತಿರ ಸ್ಕೇಟ್ ಕೊಡಬಾರದು ಏಕೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಕಲ್ಲು ಚಪ್ಪಟೆ. ಕುಡುಗೋಲು, ಈಳಿಗೆಗೆ ಅದೇ ಸರಿ. ಸ್ಕೇಟನ್ನು ಒಂದೇ ಸಲ ಉಜ್ಜಿದರೂ 0.08 ಮಿ.ಮೀ. ಕಾಲುವೆ ಅಳಿಸಿಹೋಗುತ್ತದೆ, ಉಕ್ಕು ಕಾದು ಹದ ಕೆಡುತ್ತದೆ. ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಳ್ಳೆಯ ಗ್ರೈಂಡಿಂಗ್ ಶಾಪ್‌ನಲ್ಲೂ ಆಗುವುದಿಲ್ಲ, ಏಕೆಂದರೆ ಬ್ಲೇಡ್ ಮುಂದೆ ಹಿಂದೆ ಬಾಗಿದ ದೋಣಿಯಾಕಾರದಲ್ಲಿದೆ. ಸಪಾಟು ಮಾಡುವ ಯಂತ್ರ ಆ ಬಾಗನ್ನು ತಿಂದುಹಾಕುತ್ತದೆ. ಸ್ಕೇಟಿಗೆಂದೇ ಮಾಡಿದ ಯಂತ್ರ ಬೇಕು.

ಎಷ್ಟು ಹಾಲೋ? 60 ಕೆಜಿಯೊಳಗಿನವರಿಗೆ 3/8 ಅಥವಾ 7/16, 75 ಕೆಜಿ ದಾಟಿದವರಿಗೆ 1/2 ಇಲ್ಲವೇ 5/8 ಇಂಚು. ಭಾರ ಹೆಚ್ಚಿದ್ದಷ್ಟೂ ಅಂಚು ತಾನಾಗಿ ಇಳಿಯುತ್ತದೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಬಯಲಿನಲ್ಲಿ ರಾತ್ರಿ ಹೆಪ್ಪುಗಟ್ಟಿದ ಐಸ್ ಬೆಳಿಗ್ಗೆ ಕಲ್ಲಿನಂತೆ ಗಟ್ಟಿ, ಬಿಸಿಲೇರಿದ ಮೇಲೆ ಮೆತ್ತಗೆ. ಬೆಳಗಿನ ಆಟವೇ ಹೆಚ್ಚಿದ್ದರೆ ಒಂದು ಹಂತ ಆಳದ ಹಾಲೋ ಮಾಡಿಸಿ. ನಾನು ಯಾವಾಗಲೂ ಹಾಗೇ ಮಾಡಿಸುವುದು.

ಬಯಲಿನ ಐಸ್ ಎಂದರೆ ಗಾಳಿಗೆ ಬಂದು ಕೂತ ಮರಳೂ ಅದರಲ್ಲಿರುತ್ತದೆ, ಅಂಚು ಬೇಗ ಸಾಯುತ್ತದೆ. ಅದಕ್ಕೆ ನನ್ನ ಖಚಿತ ಸಲಹೆ: ಬ್ಲೇಡ್ ಬಿಚ್ಚಿ ಬದಲಿಸಬಹುದಾದ ಹೋಲ್ಡರ್ ಇರುವ ಸ್ಕೇಟನ್ನೇ ಕೊಳ್ಳಿ, ಇನ್ನೊಂದು ಜೊತೆ ಬ್ಲೇಡನ್ನು ಹರಿತ ಮಾಡಿಸಿ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ದುಬಾರಿ ಸ್ಟಿಕ್ಕಿನ ಅರ್ಧ ದುಡ್ಡು ಇಲ್ಲಿ ಹಾಕಿದರೆ ಸೀಸನ್ ಉಳಿಯುತ್ತದೆ. ನೆನಪಿಡಿ, ಹೊಸ ಬ್ಲೇಡ್ ಹರಿತ ಆಗಿರುವುದಿಲ್ಲ. ಪೆಟ್ಟಿಗೆಯಿಂದ ತೆಗೆದು ಹಾಗೇ ಐಸಿಗೆ ಇಳಿದರೆ ಮೊದಲ ತಿರುವಿನಲ್ಲೇ ಬೀಳುತ್ತೀರಿ. ಕೊಳ್ಳುವಾಗಲೇ ಹಾಲೋ ಹೇಳಿ ಮಾಡಿಸಿಕೊಳ್ಳಿ. ನಾಲ್ಕೈದು ಜನ ಸೇರಿದರೆ ಮನೆಯಲ್ಲಿಡುವ ಚಿಕ್ಕ ಯಂತ್ರವನ್ನೇ ತರಿಸಬಹುದು. ಪ್ರತಿ ಹಾಲೋಗೂ ಅದರ ಗ್ರೈಂಡಿಂಗ್ ರಿಂಗ್ ಬೇರೆ.

ಹರಿತವಾಗಿ ಬಂದ ಬ್ಲೇಡನ್ನು ಕಣ್ಣಳತೆಯಲ್ಲಿ ಒಪ್ಪಿಕೊಳ್ಳಬೇಡಿ. ಸ್ಕೇಟನ್ನು ತಲೆಕೆಳಗು ಹಿಡಿದು, ಪುಟ್ಟ ಉಕ್ಕಿನ ಸ್ಕೇಲನ್ನು ಬ್ಲೇಡಿನ ಮೇಲೆ ಅಡ್ಡ ಕೂರಿಸಿ ಎದುರಿನಿಂದ ನೋಡಿ. ಸ್ಕೇಲ್ ಮತ್ತು ಬ್ಲೇಡ್ ಸರಿಯಾಗಿ ಮೂಲೆಮಟ್ಟ ಆಗಿರಬೇಕು. ಮುಂದೆ, ನಡುವೆ, ಹಿಂದೆ ಮೂರು ಕಡೆ ನೋಡಬೇಕು. ಒಂದು ಕಡೆ ವಾಲಿದ್ದರೆ ಒಂದು ಅಂಚು ಎತ್ತರ ಎಂದರ್ಥ: ಎಡಕ್ಕೆ ಚೆನ್ನಾಗಿ ತಿರುಗುತ್ತೀರಿ, ಬಲಕ್ಕೆ ಕಾಲು ಜಾರುತ್ತದೆ. ಇದನ್ನು ತನ್ನ ಆಟದ ತಪ್ಪು ಎಂದುಕೊಂಡು ಒದ್ದಾಡುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇನ್ನು ಹರಿತಕ್ಕೆ ಉಗುರಿನ ಪರೀಕ್ಷೆ. ಹೆಬ್ಬೆರಳ ಉಗುರನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಎಳೆದರೆ, ತಿಪಟೂರಿನ ಕೊಬ್ಬರಿಯನ್ನು ನುಣ್ಣಗೆ ತುರಿದಂತೆ ಬಿಳಿ ಪುಡಿ ಏಳಬೇಕು. ಎರಡೂ ಅಂಚಿಗೆ ಹೀಗೆ ನೋಡಿ. ಪುಡಿ ಏಳದೆ ಉಗುರು ಜಾರಿದರೆ ಅಲ್ಲಿ ಅಂಚು ಇಲ್ಲ. ಕಲ್ಲಿಗೆ ತಾಗಿ ಅಂಚು ಹೊರಕ್ಕೆ ಮಡಚಿದ್ದರೆ, ಲೇತ್ ಕೆಲಸದವರು ಬರ್ ಎನ್ನುತ್ತಾರಲ್ಲ, ಅದನ್ನು ನುಣುಪು ಎಣ್ಣೆಗಲ್ಲಿನಿಂದ ತೆಗೆಯಬಹುದು. ಕಲ್ಲನ್ನು ಬ್ಲೇಡಿನ ಪಕ್ಕಕ್ಕೆ ಚಪ್ಪಟೆಯಾಗಿ ಒತ್ತಿ ಎರಡು ಸಲ ಎಳೆದರೆ ಸಾಕು. ಕಲ್ಲು ಓರೆಯಾದರೆ ಇದ್ದ ಅಂಚೂ ದುಂಡಗಾಗುತ್ತದೆ.

ಐಸಿನಿಂದ ಹೊರಬಂದ ಕೂಡಲೇ ಗಾರ್ಡ್ ಹಾಕಿ. ಬ್ಲೇಡಿನಲ್ಲಿ ಮಣ್ಣಿನ ಮೇಲೆ ನಾಲ್ಕು ಹೆಜ್ಜೆ ನಡೆದರೂ ಹರಿತ ಹೋಯಿತು. ಆದರೆ ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ನಡೆಯುವುದಕ್ಕೆ ಮಾತ್ರ, ಬ್ಯಾಗಿನಲ್ಲಿ ಅದನ್ನೇ ಬಿಟ್ಟರೆ ಒಳಗಿನ ನೀರಿಗೆ ರಾತ್ರೋರಾತ್ರಿ ತುಕ್ಕು. ಒರೆಸಿ ಬಟ್ಟೆಯ ಚೀಲ ತೊಡಿಸಿ.

ಹೆಲ್ಮೆಟ್ ಹುಬ್ಬಿನ ಮೇಲೆ ಒಂದು ಬೆರಳಗಲ ಬಿಟ್ಟು ಕೂರಬೇಕು. ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಿದರೂ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಹಳೆಯ ಸ್ಕೇಟ್ ಕೊಳ್ಳಿ, ಹಳೆಯ ಪ್ಯಾಂಟ್ ಕೊಳ್ಳಿ, ಹಳೆಯ ಹೆಲ್ಮೆಟ್ ಮಾತ್ರ ಬೇಡ. ಎಚ್‌ಇಸಿಸಿ ಎಂಬ ಸುರಕ್ಷತಾ ಪ್ರಮಾಣಪತ್ರವೇ ತಯಾರಾದ ದಿನದಿಂದ ಆರೂವರೆ ವರ್ಷಕ್ಕೆ ಮುಗಿಯುತ್ತದೆ, ದಿನಾಂಕ ಹೆಲ್ಮೆಟ್ ಮೇಲಿನ ಸ್ಟಿಕರಿನಲ್ಲಿರುತ್ತದೆ. ಮುಖಕ್ಕೆ ಪೂರ್ತಿ ತಂತಿಬಲೆಯ ಕೇಜ್ ಹಾಕಿ, ಮುಖದ ಮೇಲ್ಭಾಗ ಮಾತ್ರ ಮುಚ್ಚುವ ಅರ್ಧ ವೈಸರ್ ಸಾಲದು. ತಗ್ಗಿದರೆ ಪಕ್ ಹಲ್ಲಿಗೇ ಬರುವುದು. 156ರಿಂದ 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ ಅದು, ಪುಟಿಯದಿರಲಿ ಎಂದು ಆಟಕ್ಕೆ ಮೊದಲು ಹೆಪ್ಪುಗಟ್ಟಿಸಿರುತ್ತಾರೆ.

ಕುತ್ತಿಗೆಯ ಗಾರ್ಡ್ ಬಗ್ಗೆ ಯಾರ ಜೊತೆಗೂ ರಾಜಿ ಇಲ್ಲ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಟದ ನಡುವೆ ಎದುರಾಳಿಯ ಬ್ಲೇಡ್ ಕುತ್ತಿಗೆಗೆ ತಾಗಿ ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್‌ನ ಆಡಮ್ ಜಾನ್ಸನ್ ತೀರಿಕೊಂಡರು. ಆಮೇಲೆ ಅಂತಾರಾಷ್ಟ್ರೀಯ ಐಸ್ ಹಾಕಿ ಫೆಡರೇಷನ್ ತನ್ನ ಟೂರ್ನಿಗಳಲ್ಲಿ ಇದನ್ನು ಕಡ್ಡಾಯ ಮಾಡಿತು. ಕೊಳ್ಳುವಾಗ ಬರಿಯ ಫೋಮ್ ಪಟ್ಟಿ ಬೇಡ. ಕಡಿತ ತಡೆಯುವ ನೂಲಿನದೇ ಎಂದು ನೋಡಿ, ಕುತ್ತಿಗೆಯ ಬುಡದವರೆಗೆ ಮುಚ್ಚುವಂಥದ್ದು ತೆಗೆದುಕೊಳ್ಳಿ. ಮಣಿಕಟ್ಟಿಗೂ ಹಿಮ್ಮಡಿಯ ನರಕ್ಕೂ ಅದೇ ನೂಲಿನ ತೋಳು, ಸಾಕ್ಸ್ ಸಿಗುತ್ತವೆ.

ಪ್ಯಾಡುಗಳ ವಿಷಯದಲ್ಲಿ ಅಳತೆ ಸರಿ ಇದ್ದರೆ ಅಗ್ಗದ್ದೂ ನಡೆಯುತ್ತದೆ. ಶಿನ್ ಗಾರ್ಡ್ ಅಳತೆ ಮಂಡಿಚಿಪ್ಪಿನ ನಡುವಿನಿಂದ ಬೂಟಿನ ನಾಲಗೆಯ ಮೇಲ್ತುದಿಯವರೆಗೆ, ಇಂಚಿನಲ್ಲಿ. ಎಲ್ಬೋ ಪ್ಯಾಡಿಗೂ ಗ್ಲೌಸಿಗೂ ನಡುವೆ ಒಂದು ಇಂಚಿಗಿಂತ ಹೆಚ್ಚು ಬರಿ ಚರ್ಮ ಕಾಣಬಾರದು, ಸ್ಟಿಕ್ ಏಟು ಬೀಳುವುದು ಅಲ್ಲಿಗೇ. ಗ್ಲೌಸಿನ ಅಂಗೈ ಸವೆದು ತೂತಾದರೆ ಬಿಸಾಡಬೇಡಿ. ಚಪ್ಪಲಿ ಹೊಲಿಯುವವರ ಹತ್ತಿರ ತೆಳುವಾದ ಮೇಕೆ ಚರ್ಮ ಹಾಕಿಸಿ. ದಪ್ಪ ಚರ್ಮ ಹಾಕಿದರೆ ಕೈಗೆ ಸ್ಟಿಕ್ಕಿನ ಸ್ಪರ್ಶವೇ ಸಿಗುವುದಿಲ್ಲ.

ಸ್ಟಿಕ್ ಮೇಲಿನ ಫ್ಲೆಕ್ಸ್ ನಂಬರ್ ಎಂದರೆ ಅದನ್ನು ಒಂದು ಇಂಚು ಬಗ್ಗಿಸಲು ಬೇಕಾದ ಪೌಂಡ್ ಬಲ. ಮೈತೂಕವನ್ನು ಪೌಂಡಿಗೆ ತಿರುಗಿಸಿ ಅರ್ಧ ಮಾಡಿ: 64 ಕೆಜಿ ಎಂದರೆ 141 ಪೌಂಡ್, ಫ್ಲೆಕ್ಸ್ 70. ಉದ್ದ ಬರಿಗಾಲಲ್ಲಿ ಮೂಗಿನವರೆಗೆ, ಸ್ಕೇಟ್ ಹಾಕಿದಾಗ ಗದ್ದದವರೆಗೆ. ಕತ್ತರಿಸಿದಷ್ಟೂ ಸ್ಟಿಕ್ ಗಡಸಾಗುತ್ತದೆ, ಇಂಚಿಗೆ ಸುಮಾರು ಮೂರರಿಂದ ಐದು ಫ್ಲೆಕ್ಸ್. ಹಾಗಾಗಿ ಎರಡು ಇಂಚು ಕತ್ತರಿಸಬೇಕಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಒಂದು ಹಂತ ಮೆತ್ತಗಿನದನ್ನು ಕೊಳ್ಳಿ. ಕತ್ತರಿಸಲು ಸಣ್ಣ ಹಲ್ಲಿನ ಹ್ಯಾಕ್ಸಾ, ಕತ್ತರಿಸುವ ಜಾಗಕ್ಕೆ ಮೊದಲು ಟೇಪ್ ಸುತ್ತಿ, ಇಲ್ಲದಿದ್ದರೆ ನಾರು ಸೀಳುತ್ತದೆ. ಕಾರ್ಬನ್ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ.

ಆ ಕಾರ್ಬನ್ ಸ್ಟಿಕ್ಕನ್ನು ತುಮಕೂರಿನ ಸಿಮೆಂಟಿನ ಮೇಲೆ ಇಳಿಸಲೇಬೇಡಿ. ಸ್ಟಿಕ್ಕಿನ ಕೆಳತುದಿಯ ಬ್ಲೇಡಿನ ತಳ ಉಜ್ಜಿ ನಾರು ಬಾಯಿಬಿಡುತ್ತದೆ, ಲೇಹ್‌ನಲ್ಲಿ ಅದರೊಳಗೆ ನೀರು ಹೋಗಿ ಹೆಪ್ಪುಗಟ್ಟಿ ಪದರ ಬಿಡಿಸುತ್ತದೆ. ಇಲ್ಲಿಗೆ ಎಬಿಎಸ್ ಪ್ಲಾಸ್ಟಿಕ್ ಬ್ಲೇಡಿನ ಮರದ ಸ್ಟಿಕ್ಕೇ ಸರಿ. ಐಸ್ ಪಕ್ ಕೂಡ ಸಿಮೆಂಟಿಗೆ ಆಗುವುದಿಲ್ಲ, ರಬ್ಬರ್ ಹಿಡಿದುಕೊಂಡು ಮಗುಚುತ್ತದೆ.

ಇನ್‌ಲೈನ್ ಚಕ್ರಕ್ಕೆ ಒರಟು ಸಿಮೆಂಟಿನಲ್ಲಿ 82ಎ ಮೇಲಿನ ಗಡಸು ಬೇಕು. ನುಣುಪು ಒಳಾಂಗಣಕ್ಕೆ ಮಾಡಿದ 74ಎ ಚಕ್ರ ರಬ್ಬರಿನಂತೆ ಉದುರುತ್ತದೆ. ಒಳಬದಿ ಬೇಗ ಸವೆಯುವುದರಿಂದ ಎಡಬಲ ಅದಲುಬದಲು ಮಾಡಿ, ತಿರುಗಿಸಿ ಹಾಕಿ. ನಮ್ಮ ಕೆಂಪು ಧೂಳಿಗೆ ಬೇರಿಂಗ್ ಬಲಿ. ಎಂಟು ಚಕ್ರಕ್ಕೆ ಹದಿನಾರು ಬೇರಿಂಗ್, ಎಲ್ಲವೂ 608 ನಂಬರಿನವು, ಮೋಟಾರ್ ರಿಪೇರಿ ಸಾಮಾನಿನ ಅಂಗಡಿಯಲ್ಲೂ ಸಿಗುತ್ತವೆ. ಮುಚ್ಚಳ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ರಾಗಿ ಕಾಳಿನಷ್ಟು ಹೊಲಿಗೆ ಮಿಷನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ: 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ನಮ್ಮ ಡಿಸೆಂಬರ್ ಬೆಳಗಿಗೇ ಚಕ್ರ ತಿರುಗುವುದು ಕಷ್ಟ.

ಬೆವರಿನ ಕಿಟ್ ಬ್ಯಾಗಿನಲ್ಲಿ ಮುಚ್ಚಿಟ್ಟರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು. ಆದರೆ ತಾರಸಿಯ ಬಿಸಿಲಿಗೂ ಹಾಕಬೇಡಿ, ಗ್ಲೌಸಿನ ಅಂಗೈ ಹಪ್ಪಳದಂತೆ ಬಿರುಸಾಗುತ್ತದೆ, ಫೋಮ್ ಪುಡಿಯಾಗುತ್ತದೆ. ನೆರಳಲ್ಲಿ ಹಗ್ಗದ ಮೇಲೆ, ಫ್ಯಾನಿನ ಕೆಳಗೆ ಒಣಗಿಸಿ.

ಲೇಹ್‌ನಿಂದ ಬಂದ ದಿನವೇ ಬ್ಲೇಡುಗಳನ್ನು ಹೋಲ್ಡರಿನಿಂದ ಬಿಚ್ಚಿ, ಹೋಲ್ಡರಿನ ಸಂದಿನ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಉಕ್ಕಿಗೆ ತೆಳುವಾಗಿ ಮಿಷನ್ ಎಣ್ಣೆ ಸವರಿ, ಒಣಬಟ್ಟೆಯಲ್ಲಿ ಸುತ್ತಿ, ಎಡ ಯಾವುದು ಬಲ ಯಾವುದು ಎಂದು ಟೇಪ್ ಮೇಲೆ ಬರೆದು ಅಂಟಿಸಿ. ಡಿಸೆಂಬರಿನಲ್ಲಿ ತೆಗೆದಾಗ ಎಣ್ಣೆಯನ್ನು ಪೂರ್ತಿ ಒರೆಸಿದ ಮೇಲೆಯೇ ಉಗುರಿನ ಪರೀಕ್ಷೆ ಮಾಡಿ. ಎಣ್ಣೆ ಇದ್ದರೆ ಹರಿತವಿದ್ದ ಅಂಚಿನ ಮೇಲೂ ಉಗುರು ಜಾರುತ್ತದೆ.