ಸಿಬಿಐ ಖರ್ಚಿನ ಲೆಕ್ಕ ಕೇಳುವುದು ಹೇಗೆ?

ಬೆಳಗಾವಿಯಿರಲಿ ವಿಜಯಪುರವಿರಲಿ, ಕೋರ್ಟ್ ಸುತ್ತಲಿನ ಟೈಪಿಂಗ್ ಅಂಗಡಿಗಳಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಸಾಮಾನ್ಯವಾಗಿ ಒಂದೇ ಅಚ್ಚು. ಗ್ರಾಮ ಪಂಚಾಯಿತಿಗೆ ಬರೆದದ್ದನ್ನೇ ವಿಳಾಸ ಬದಲಿಸಿ ಸಿಬಿಐಗೂ ಕಳಿಸುತ್ತಾರೆ. ‘ಸೆಕ್ಷನ್ 24ರಡಿ ವಿನಾಯಿತಿ ಇದೆ’ ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ. ಅಲ್ಲಿಗೆ ಅರ್ಜಿದಾರ ಕೈಚೆಲ್ಲುತ್ತಾನೆ. ಈ ಹಿಂಬರಹ ಬಾರದಂತೆ ಅರ್ಜಿ ಬರೆಯಲು ಸಾಧ್ಯ.

ಮೊದಲು ಪುಕ್ಕಟೆ ಸಿಗುವುದನ್ನು ಓದಿ. ಸಿಬಿಐಗೆ ಹಣ ಬರುವುದು ಕೇಂದ್ರದ ಸಿಬ್ಬಂದಿ ಸಚಿವಾಲಯದ ಅನುದಾನ ಬೇಡಿಕೆಯಿಂದ (ಬಜೆಟ್‌ನಲ್ಲಿ ಸಂಸತ್ತಿನ ಮುಂದಿಡುವ ಹಣದ ಕೋರಿಕೆ). ಬಜೆಟ್ ಜಾಲತಾಣದಲ್ಲಿ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವಿಕ ವೆಚ್ಚ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಖರ್ಚು ಆರ್ಥಿಕ ವರ್ಷದ ಕೊನೆಯ ಮೂರು ತಿಂಗಳಲ್ಲಿ ಬಜೆಟ್ ಅಂದಾಜಿನ ಶೇ 33, ಮಾರ್ಚ್ ಒಂದರಲ್ಲೇ ಶೇ 15 ಮೀರಬಾರದು ಎಂಬುದು ಹಣಕಾಸು ಸಚಿವಾಲಯದ ಎಂದಿನ ಕಟ್ಟಳೆ. ವರ್ಷದ ಕೊನೆಗೆ ಅವಸರದ ಖರೀದಿ ಎಲ್ಲಿ ನಡೆದಿರಬಹುದು ಎಂದು ಹುಡುಕಲು ಇದೇ ಅಳತೆಗೋಲು. ಕೇಂದ್ರ ಜಾಗೃತ ಆಯೋಗದ (ಸಿವಿಸಿ) ವಾರ್ಷಿಕ ವರದಿಯಲ್ಲಿ ಸಿಬಿಐನ ಬಾಕಿ ಪ್ರಕರಣ, ಖಾಲಿ ಹುದ್ದೆಗಳ ಅಂಕಿಗಳಿವೆ. ಸಿಎಜಿ ವರದಿಗಳೂ ಸಂಸದೀಯ ಸ್ಥಾಯಿ ಸಮಿತಿಯ ವರದಿಗಳೂ ಜಾಲತಾಣದಲ್ಲೇ ಸಿಗುತ್ತವೆ. ಇವನ್ನು ಓದದೆ ಅರ್ಜಿ ಬರೆಯಲು ಕೂರಬೇಡಿ.

ಇನ್ನು ಯಾರನ್ನು ಕೇಳಬೇಕು ಎಂಬುದು. ಎಡವುವವರೆಲ್ಲ ಎಡವುವುದು ಇಲ್ಲೇ. 2011ರ ಜೂನ್ 9ರ ಅಧಿಸೂಚನೆ ಸಿಬಿಐ ಮತ್ತು ಎನ್‌ಐಎಯನ್ನು ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಗೆ, ಅಂದರೆ ಸೆಕ್ಷನ್ 24ರ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಗೆ, ಸೇರಿಸಿತು. ಇ.ಡಿ. ಕೂಡ ಅದೇ ಪಟ್ಟಿಯಲ್ಲಿದೆ. ಆದರೆ ಹಣ ಮಂಜೂರು ಮಾಡುವ ಸಿಬ್ಬಂದಿ ಮತ್ತು ತರಬೇತಿ ಇಲಾಖೆ (ಡಿಒಪಿಟಿ) ಆ ಪಟ್ಟಿಯಲ್ಲಿಲ್ಲ. ಹಾಗಾದರೆ ಅರ್ಜಿಯನ್ನು ಅಲ್ಲಿಗೇ ಕಳಿಸಿದರಾಯಿತು ಎಂದುಕೊಳ್ಳಬೇಡಿ. ಈ ಸಂಸ್ಥೆಗಳು ಸರ್ಕಾರಕ್ಕೆ ಒದಗಿಸಿದ ಮಾಹಿತಿಗೂ ಸೆಕ್ಷನ್ 24(1) ರಕ್ಷಣೆ ಕೊಟ್ಟಿದೆ. ಸಿಬಿಐ ಕಳಿಸಿದ ವರದಿಯನ್ನು ಇಲಾಖೆಯಿಂದ ಕೇಳಿದರೂ ಅದೇ ಹಿಂಬರಹ. ಕೇಳಬೇಕಾದ್ದು ಇಲಾಖೆ ತಾನೇ ಹುಟ್ಟಿಸಿದ ಕಾಗದ: ಮಂಜೂರಾತಿ ಆದೇಶ, ಹಣ ಬಿಡುಗಡೆ ಆದೇಶ, ಇಲಾಖೆ ಬರೆದ ಪತ್ರ.

ಒಂದು ಉದಾಹರಣೆ. ‘ಸಿಬಿಐ ಇಷ್ಟು ಹಣ ಏಕೆ ಪೋಲು ಮಾಡುತ್ತಿದೆ? ಐದು ವರ್ಷದ ಎಲ್ಲ ಖರ್ಚಿನ ವಿವರ ಕೊಡಿ’ ಎಂದರೆ ಅರ್ಜಿ ಬಿದ್ದಂತೆಯೇ. ‘ಏಕೆ’ಗೆ ಉತ್ತರಿಸುವ ಹೊಣೆ ಮಾಹಿತಿ ಅಧಿಕಾರಿಗಿಲ್ಲ, ಕಡತದಲ್ಲಿರುವ ಕಾಗದ ಕೊಡುವುದಷ್ಟೇ ಅವರ ಕೆಲಸ. ಹೀಗೆ ಬರೆಯಿರಿ: ‘2023-24ನೇ ಸಾಲಿನಲ್ಲಿ ಸಿಬಿಐಗೆ ವಾಹನ ಖರೀದಿಗಾಗಿ ತಮ್ಮ ಇಲಾಖೆ ಹೊರಡಿಸಿದ ಮಂಜೂರಾತಿ ಆದೇಶಗಳ ದೃಢೀಕೃತ ನಕಲು ಕೊಡಿ.’ ಒಂದು ವರ್ಷ, ಒಂದು ಬಾಬ್ತು, ಒಂದು ಬಗೆಯ ಕಾಗದ. ಗುಪ್ತ ಸೇವಾ ವೆಚ್ಚದ ಗೊಡವೆಗೆ ಹೋಗಬೇಡಿ. ಆ ಒಂದು ಸಾಲನ್ನೇ ನೆಪ ಮಾಡಿಕೊಂಡು ಇಡೀ ಅರ್ಜಿಯನ್ನು ತಳ್ಳಿಹಾಕುವ ಸಾಧ್ಯತೆ ಇದೆ.

ಸಿಬಿಐಯನ್ನೇ ನೇರವಾಗಿ ಕೇಳಲು ಇರುವುದು ಒಂದೇ ಕಿಂಡಿ: ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕೆ ಸಂಬಂಧಿಸಿದ ಮಾಹಿತಿಗೆ ವಿನಾಯಿತಿ ಇಲ್ಲ ಎನ್ನುವ ಸೆಕ್ಷನ್ 24(1)ರ ಪರಂತುಕ (ಷರತ್ತು). ಬಳಸದೆ ಧೂಳು ತಿನ್ನುತ್ತಿರುವ ಯಂತ್ರ ದುಂದುವೆಚ್ಚವೇ ಸರಿ, ಆದರೆ ಅಷ್ಟರಿಂದ ಅದು ಭ್ರಷ್ಟಾಚಾರದ ಆರೋಪ ಆಗುವುದಿಲ್ಲ. ಟೆಂಡರ್‌ನಲ್ಲಿ ಲಂಚದ ವಾಸನೆ ಇದ್ದರೆ ಮೊದಲು ಸಿವಿಸಿಗೆ ಹೆಸರು, ವಿಳಾಸ ಸಹಿತ ದೂರು ಕೊಡಿ (ಅನಾಮಧೇಯ ದೂರುಗಳನ್ನು ಅಲ್ಲಿ ಕೈಗೆತ್ತಿಕೊಳ್ಳುವುದಿಲ್ಲ). ದೂರಿನ ಸಂಖ್ಯೆ, ಟೆಂಡರ್ ಸಂಖ್ಯೆ, ದಿನಾಂಕಗಳನ್ನು ಅರ್ಜಿಯ ಮೊದಲ ಪ್ಯಾರಾದಲ್ಲೇ ಹಾಕಿ, ‘ಸೆಕ್ಷನ್ 24(1)ರ ಪರಂತುಕದಡಿ ಕೇಳುತ್ತಿದ್ದೇನೆ’ ಎಂದು ಬರೆಯಿರಿ. ಸೆಕ್ಷನ್ 24 ಸಿಬಿಐಗೆ ಪೂರ್ಣ ವಿನಾಯಿತಿ ಕೊಡುವುದಿಲ್ಲ ಎಂದು ದೆಹಲಿ ಹೈಕೋರ್ಟ್ 2024ರ ಜನವರಿಯಲ್ಲಿ ಹೇಳಿದೆ. ಅದನ್ನೂ ಒಂದು ಸಾಲಿನಲ್ಲಿ ಸೇರಿಸಿ. ತನಿಖೆ ನಡೆಯುತ್ತಿರುವ ಕಡತವಾದರೆ, ತನಿಖೆಗೆ ಅಡ್ಡಿಯಾಗುವ ಮಾಹಿತಿ ಕೊಡಬೇಕಿಲ್ಲ ಎನ್ನುವ ಸೆಕ್ಷನ್ 8(1)(ಎಚ್) ಅಡ್ಡ ಬರುತ್ತದೆ ಎಂಬುದು ಗೊತ್ತಿರಲಿ.

ಶುಲ್ಕ 10 ರೂಪಾಯಿ. ಕೇಂದ್ರದ ಅರ್ಜಿಗೆ ಕೋರ್ಟ್ ಫೀ ಸ್ಟ್ಯಾಂಪ್ ನಡೆಯುವುದಿಲ್ಲ. ಆ ಇಲಾಖೆಯ ಅಕೌಂಟ್ಸ್ ಆಫೀಸರ್ ಹೆಸರಿಗೆ ಪೋಸ್ಟಲ್ ಆರ್ಡರ್ ತೆಗೆದು ಅದರ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿ. ಕರ್ನಾಟಕದ ನಿಯಮದಲ್ಲಿ 150 ಪದ, ಒಂದೇ ವಿಷಯ ಎಂಬ ಕಟ್ಟುಪಾಡು ಇದೆ. ಕೇಂದ್ರದಲ್ಲಿ 500 ಪದದವರೆಗೆ ಅವಕಾಶ. ನೋಟರಿ, ಬಾಂಡ್ ಪೇಪರ್ ಯಾವುದೂ ಬೇಡ, ಯಾರೇ ಹೇಳಿದರೂ ದುಡ್ಡು ಕೊಡಬೇಡಿ. ಸರ್ಕಾರಿ ಜಾಲತಾಣದ ವೇಷ ತೊಟ್ಟು ‘ಸೇವಾ ಶುಲ್ಕ’ ಕೀಳುವ ಖಾಸಗಿ ತಾಣಗಳೂ ಇವೆ. ವಿಳಾಸದ ಕೊನೆಗೆ ಗವ್ ಡಾಟ್ ಇನ್ ಇಲ್ಲದಿದ್ದರೆ ಮುಚ್ಚಿಬಿಡಿ.

ಕಾಯ್ದೆ ಪ್ರಕಾರ ಇಲ್ಲಿಂದ ಕನ್ನಡದಲ್ಲೇ ಅರ್ಜಿ ಹಾಕಬಹುದು. ಕನ್ನಡದ ಅರ್ಜಿಗೆ ಆನ್‌ಲೈನ್‌ಗಿಂತ ಟಪಾಲೇ ವಾಸಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಕಾದಿರಿಸಿ. ಖಾಸಗಿ ಕೊರಿಯರ್ ಬೇಡ. ನಕಲು ಪುಟಕ್ಕೆ 2 ರೂಪಾಯಿ.

ಅರ್ಜಿ ತಲುಪಿದ 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ನಿರಾಕರಿಸಿದಂತೆ ಲೆಕ್ಕ, ಮುಂದೆ ಕೊಡುವ ಮಾಹಿತಿ ಉಚಿತ. ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕವಿಲ್ಲ. ಸಿಟ್ಟು ತೀರಿಸಿಕೊಳ್ಳುವ ಜಾಗ ಅದಲ್ಲ. ‘ಪರಂತುಕವನ್ನು ಪರಿಗಣಿಸಿಲ್ಲ’, ‘ಕೇಳಿದ್ದು ಇಲಾಖೆಯದೇ ಆದೇಶ, ಸಿಬಿಐ ಒದಗಿಸಿದ ಮಾಹಿತಿಯಲ್ಲ’, ‘ಸೆಕ್ಷನ್ 10ರಂತೆ ಕೊಡಬಹುದಾದ ಭಾಗವನ್ನೂ ಕೊಟ್ಟಿಲ್ಲ’ ಎಂದು ಒಂದೊಂದೇ ಅಂಶ ಬರೆಯಿರಿ.

ಎರಡನೇ ಮೇಲ್ಮನವಿಗೆ 90 ದಿನ ಅವಕಾಶ. ಇದನ್ನು ರಾಜ್ಯ ಮಾಹಿತಿ ಆಯೋಗಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಕೇಂದ್ರದ ಇಲಾಖೆಗಳ ಮೇಲ್ಮನವಿ ಹೋಗಬೇಕಾದ್ದು ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ. ವಿಚಾರಣೆಗೆಂದು ದೆಹಲಿಗೆ ಹೋಗಬೇಕಿಲ್ಲ. ಸಾಮಾನ್ಯವಾಗಿ ಜಿಲ್ಲಾಧಿಕಾರಿ ಕಚೇರಿಯ ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಕೊಠಡಿಯಿಂದಲೇ ವಿಡಿಯೋ ವಿಚಾರಣೆ ನಡೆಯುತ್ತದೆ. ನೋಟಿಸಿನಲ್ಲಿ ಕೊಟ್ಟ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ. ಅರ್ಜಿ, ರಸೀದಿ, ಹಿಂಬರಹ, ಮೇಲ್ಮನವಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಪುಟ ಸಂಖ್ಯೆ ಹಾಕಿಟ್ಟುಕೊಳ್ಳಿ. ವಿನಾಕಾರಣ ಸತಾಯಿಸಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ದಂಡ ಹಾಕಬೇಕೆಂಬ ಕೋರಿಕೆಯನ್ನು ಮೇಲ್ಮನವಿಯಲ್ಲೇ ಬರೆದಿಡಿ, ವಿಚಾರಣೆಯ ದಿನ ಬಾಯಲ್ಲಿ ಹೇಳಿದರಾಯಿತು ಎಂದು ಬಿಡಬೇಡಿ.